ಕಣ್ಣಳತೆಯ ಇನ್ನೂರೈವತ್ತು

ಪಶ್ಚಿಮ ಕೀನ್ಯಾದ ಆ ಆಸ್ಪತ್ರೆಗೆ ಸೇರಿದ ಮೊದಲ ವಾರ ನಾನು ಹೆರಿಗೆ ಕೋಣೆಯ ಹಳೆಯ ದಾಖಲೆ ಪುಸ್ತಕಗಳನ್ನು ತಿರುವುತ್ತ ಕುಳಿತಿದ್ದೆ. ದಪ್ಪ ರಟ್ಟಿನ ಅಗಲವಾದ ಪುಸ್ತಕಗಳು. ತಾಯಿಯ ವಯಸ್ಸು, ಎಷ್ಟನೆಯ ಹೆರಿಗೆ, ಮಗುವಿನ ತೂಕ, ಮಾಸು ಬಿದ್ದ ಸಮಯ, ಹೀಗೆ ಎಲ್ಲಕ್ಕೂ ಒಂದೊಂದು ಅಂಕಣ. ಅವುಗಳಲ್ಲಿ ಒಂದು, ಹೆರಿಗೆಯಲ್ಲಿ ಹೋದ ರಕ್ತದ್ದು. ಅದರಲ್ಲಿ ಮಿಲಿಲೀಟರಿನ ಲೆಕ್ಕದಲ್ಲಿ ಮೇಲಿನಿಂದ ಕೆಳಗೆ 200, 250, 200, 150, 250, 250 ಎಂದು ಬರೆದಿತ್ತು. ಪುಟ ತಿರುವಿದರೆ ಮತ್ತೆ 200, 250. ಪಕ್ಕದ ಅಂಕಣದಲ್ಲಿ ಮಕ್ಕಳ ತೂಕ 2,840, 3,120, 2,675 ಗ್ರಾಂ ಎಂದು ಒಂದರಂತೆ ಇನ್ನೊಂದಿರಲಿಲ್ಲ. ಮಗುವನ್ನು ತೂಗಲು ತಕ್ಕಡಿ ಇತ್ತು. ರಕ್ತವನ್ನು ಅಳೆಯಲು ಕಣ್ಣು ಮಾತ್ರ ಇತ್ತು.

ಒಂದು ಸಾಲಿನಲ್ಲಿ 300 ಎಂದಿತ್ತು. ಅದೇ ತಾಯಿಗೆ ಅದೇ ರಾತ್ರಿ ಎರಡು ಚೀಲ ರಕ್ತ ಕೊಟ್ಟದ್ದು ಇನ್ನೊಂದು ಪುಸ್ತಕದಲ್ಲಿ ಸಿಕ್ಕಿತು. ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದೆ. ಮುಂದಿನ ವರ್ಷಗಳಲ್ಲಿ ಆ ಊರಿನಲ್ಲಿ ನಾನು ಮಾಡಿದ ಕೆಲಸವೆಲ್ಲ ಆ ಎರಡು ಪುಟಗಳಿಂದ ಹುಟ್ಟಿದ್ದು.

ಇದನ್ನು ನರ್ಸುಗಳ ಸೋಮಾರಿತನ ಎಂದು ಯಾರೂ ತಿಳಿಯಬಾರದು. ರಾತ್ರಿ ಪಾಳಿಯಲ್ಲಿ ಇಬ್ಬರು ನರ್ಸುಗಳು, ಏಳೆಂಟು ಬಸುರಿಯರು. ಮಗು ಹೊರಬಂದ ಕೂಡಲೇ ಅಳಿಸಬೇಕು, ಒರೆಸಬೇಕು, ಹೊಕ್ಕುಳಬಳ್ಳಿ ಕತ್ತರಿಸಬೇಕು, ಮಾಸು ಪೂರ್ತಿ ಬಂದಿದೆಯೇ ನೋಡಬೇಕು. ಅಷ್ಟರಲ್ಲಿ ರಕ್ತ ಅರ್ಧ ಹತ್ತಿಗೆ, ಕಾಲು ಭಾಗ ತಾಯಿ ಮನೆಯಿಂದ ತಂದ, ಸೊಂಟಕ್ಕೆ ಸುತ್ತುವ ಲೆಸೋ ಬಟ್ಟೆಗೆ, ಉಳಿದದ್ದು ನೆಲಕ್ಕೆ. ಯಾರು ಕೂಡಿಸುತ್ತಾರೆ? ಎಲ್ಲ ಮುಗಿದ ಮೇಲೆ ಪುಸ್ತಕ ತೆರೆದಾಗ ಕೈಗೆ ಬರುವುದು ರೂಢಿಯ ಅಂಕೆ. ನಾನೂ ಬೆಳಗಾವಿಯಲ್ಲಿ ಹೊಸ ನರ್ಸಾಗಿದ್ದಾಗ ಹಾಗೆಯೇ ಬರೆದಿದ್ದೇನೆ.

ನನ್ನ ಗಂಡ ಸಕ್ಕರೆ ಕಾರ್ಖಾನೆಯ ತಂತ್ರಜ್ಞರು. ಅವರ ಕೆಲಸದ ದೆಸೆಯಿಂದ ನಾವು ಕಾಕಮೆಗಾ, ಬುಂಗೋಮಾ ಕಡೆಯ ಕಬ್ಬಿನ ಸೀಮೆಗೆ ಬಂದೆವು. ಕಬ್ಬು ಹೇರಿಕೊಂಡು ಓಲಾಡುತ್ತ ಹೋಗುವ ಟ್ರಾಕ್ಟರುಗಳನ್ನು ಕಂಡಾಗ ಗೋಕಾಕದ ರಸ್ತೆಯೇ ಕಣ್ಣ ಮುಂದೆ ಬರುತ್ತಿತ್ತು. ಕೀನ್ಯಾದ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಆಗುವವರೆಗೆ ಸ್ವಾಹಿಲಿ ಕಲಿತೆ. ನಂತರ ಒಂದು ಸ್ವಯಂಸೇವಾ ಸಂಸ್ಥೆಯ ಮೂಲಕ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಸೇರಿದೆ. ಕೀನ್ಯಾದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆಯ ಶುಲ್ಕವನ್ನು 2013ರಲ್ಲಿ ತೆಗೆದುಹಾಕಿದ್ದರು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಪ್ರಕಾರ 2014ರಲ್ಲಿ ನೂರಕ್ಕೆ 61 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿದ್ದರೆ 2022ರ ಹೊತ್ತಿಗೆ 82 ಆದವು. ತಾಯಂದಿರು ನಮ್ಮನ್ನು ನಂಬಿ ಬಾಗಿಲವರೆಗೆ ಬಂದಿದ್ದಾರೆ. ಬಂದ ಮೇಲೂ ರಕ್ತ ಹೋಗಿ ಸಾಯುತ್ತಾರೆಂದರೆ ಆ ಹೊಣೆ ಒಳಗಿರುವ ನಮ್ಮದು. ಈ ಮಾತು ನನ್ನನ್ನು ಮಲಗಲು ಬಿಡುತ್ತಿರಲಿಲ್ಲ.

ರಕ್ತ ಅಳೆಯುವ ಪ್ರಶ್ನೆ ಬೆಳಗಾವಿಯಲ್ಲಿ ಕಲಿತವರಿಗೆ ಹೊಸದಲ್ಲ. ಆ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಅಮೆರಿಕದ ಸಂಶೋಧಕರ ಜೊತೆಗೂಡಿ ಒಂದು ಅಧ್ಯಯನ ನಡೆಸಿದರು. 1,620 ತಾಯಂದಿರು ಅದರಲ್ಲಿದ್ದರು. ಹೆರಿಗೆ ಮಾಡಿಸಿದವರು ದೊಡ್ಡ ಡಾಕ್ಟರುಗಳಲ್ಲ, ಎಎನ್‌ಎಂಗಳು, ಅಂದರೆ ಹಳ್ಳಿಯ ಸಹಾಯಕ ನರ್ಸುಗಳು. ಅರ್ಧದಷ್ಟು ತಾಯಂದಿರಿಗೆ ಮಗು ಹುಟ್ಟಿದ ಕೂಡಲೇ ಗರ್ಭಕೋಶವನ್ನು ಬಿಗಿಗೊಳಿಸುವ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ನೋಡಲು ಅದರಂತೆಯೇ ಇರುವ, ಔಷಧವಿಲ್ಲದ ಮಾತ್ರೆ. 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದವರ ಪ್ರಮಾಣ ಔಷಧವಿಲ್ಲದವರಲ್ಲಿ ಶೇ 12, ಔಷಧ ಪಡೆದವರಲ್ಲಿ ಶೇ 6.4. 2006ರಲ್ಲಿ ಇದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮಾತ್ರೆಯ ಸುದ್ದಿ ಲೋಕಕ್ಕೆಲ್ಲ ಮುಟ್ಟಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಅಧ್ಯಯನಕ್ಕಾಗಿ ಅವರು ಮಾಡಿಕೊಂಡ ಪ್ಲಾಸ್ಟಿಕ್ ಹಾಳೆ. ರಕ್ತವನ್ನು ಸರಿಯಾಗಿ ಅಳೆಯದೆ ಔಷಧದ ಗುಣ ತಿಳಿಯುವುದು ಹೇಗೆ? ಅದಕ್ಕಾಗಿ ತಾಯಿಯ ಸೊಂಟದ ಕೆಳಗೆ ಹಾಸುವ ಒಂದು ಹಾಳೆ. ಅದರ ತುದಿಯಲ್ಲಿ ಆಲಿಕೆಯಂತೆ ಕಿರಿದಾಗುತ್ತ ಇಳಿಯುವ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು, ಹೊಟ್ಟೆಗೆ ಸಡಿಲವಾಗಿ ಕಟ್ಟಲು ಒಂದು ಪಟ್ಟಿ. ಏಳು ಮಂದಿ ಸಹೋದ್ಯೋಗಿಗಳ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಅದಕ್ಕೆ ಬ್ರಾಸ್-ವಿ ಎಂದು ಹೆಸರಿಟ್ಟರು. ಕಣ್ಣಳತೆಯನ್ನೂ ಈ ಚೀಲದ ಅಳತೆಯನ್ನೂ ಹೋಲಿಸಿ ನೋಡಿದಾಗ ಕಣ್ಣಳತೆ ಸುಮಾರು ಮೂರನೆಯ ಒಂದು ಭಾಗ ಕಡಿಮೆ ಹೇಳುತ್ತಿತ್ತು. ಹೆಚ್ಚು ರಕ್ತ ಹೋದಷ್ಟೂ ಕಣ್ಣು ಹೆಚ್ಚು ಮೋಸಹೋಗುತ್ತದೆ. ಎಚ್ಚರ ಬೇಕಾದ ಹೊತ್ತಿನಲ್ಲೇ ಕಣ್ಣು ಕೈಕೊಡುತ್ತದೆ.

ಅದೇ ಬಗೆಯ ಗೆರೆ ಹಾಕಿದ ಹಾಳೆ ಆಫ್ರಿಕಕ್ಕೆ ಬಂದು ದೊಡ್ಡ ಪರೀಕ್ಷೆ ಎದುರಿಸಿತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಅರಿ ಕುಮಾರಸ್ವಾಮಿಯವರ ಮುಂದಾಳತ್ವದಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ ಸಂಶೋಧಕರು ನಡೆಸಿದ ಇ-ಮೋಟಿವ್ ಎಂಬ ಅಧ್ಯಯನ ಅದು. 80 ಆಸ್ಪತ್ರೆಗಳು, 2,10,132 ಸಹಜ ಹೆರಿಗೆಗಳು. ಒಂದು ಗುಂಪಿನ ಆಸ್ಪತ್ರೆಗಳಿಗೆ ಗೆರೆಯಿರುವ ಹಾಳೆ ಮತ್ತು ತಕ್ಷಣ ಮಾಡಬೇಕಾದ ಚಿಕಿತ್ಸೆಯ ಕಟ್ಟು ಕೊಟ್ಟರು. ಇನ್ನೊಂದು ಗುಂಪಿನಲ್ಲಿ ಎಂದಿನ ಆರೈಕೆ. ಅಲ್ಲಿಯೂ ಹಾಳೆ ಹಾಸುತ್ತಿದ್ದರು, ಆದರೆ ಅದಕ್ಕೆ ಗೆರೆ ಇರಲಿಲ್ಲ. ಆಮೇಲೆ ತೂಗಿ ರಕ್ತದ ಲೆಕ್ಕ ಇಡುತ್ತಿದ್ದರು. ಇದನ್ನು ಮೊದಲು ಓದಿದಾಗ ನನಗೆ ಸಂಕಟವಾಯಿತು. ಗೆರೆ ಎಳೆಯುವುದೇನು ಮಹಾ ಕೆಲಸ, ಎಲ್ಲರಿಗೂ ಕೊಡಬಾರದಿತ್ತೇ ಎನಿಸಿತು. ಆದರೆ ಎರಡೂ ಕಡೆ ಒಂದೇ ರೀತಿ ಅಳೆಯದಿದ್ದರೆ ಗುಣವಾಯಿತೋ ಇಲ್ಲವೋ ಎಂದು ಯಾರೂ ಎದೆತಟ್ಟಿ ಹೇಳುವಂತಿರಲಿಲ್ಲ. ಹೇಳಲಾಗದಿದ್ದರೆ ಯಾವ ಸರ್ಕಾರವೂ ಹಣ ಬಿಚ್ಚುತ್ತಿರಲಿಲ್ಲ. ಅದನ್ನು ಒಪ್ಪಲು ನನಗೆ ಕೆಲವು ದಿನ ಬೇಕಾಯಿತು.

2023ರ ಮೇ ತಿಂಗಳಲ್ಲಿ ಫಲಿತಾಂಶ ಬಂತು. ಒಂದು ಲೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ರಕ್ತ ಹೋಗುವುದು, ರಕ್ತ ನಿಲ್ಲಿಸಲು ಹೊಟ್ಟೆ ತೆರೆಯಬೇಕಾಗುವುದು, ರಕ್ತ ಹೋಗಿ ಸಾಯುವುದು, ಈ ಮೂರನ್ನೂ ಸೇರಿಸಿ ನೋಡಿದರೆ ಎಂದಿನ ಆರೈಕೆಯಲ್ಲಿ ಶೇ 4.3, ಹೊಸ ಕ್ರಮದಲ್ಲಿ ಶೇ 1.6. ಅತಿ ರಕ್ತಸ್ರಾವವನ್ನು, ಅಂದರೆ 500 ಮಿಲಿಲೀಟರ್ ಮುಟ್ಟಿದ್ದನ್ನು, ಗುರುತಿಸುವ ಪ್ರಮಾಣ ಹಳೆಯ ಕ್ರಮದಲ್ಲಿ ಶೇ 51 ಇದ್ದರೆ ಹೊಸದರಲ್ಲಿ ಶೇ 93. ನಾನು ಕಣ್ಣು ನೆಟ್ಟು ನೋಡಿದ್ದು ಈ ಎರಡನೆಯ ಲೆಕ್ಕವನ್ನು. ಅರ್ಧದಷ್ಟು ತಾಯಂದಿರ ರಕ್ತ ಹೋಗುತ್ತಿರುವುದು ಪಕ್ಕದಲ್ಲಿ ನಿಂತವರಿಗೇ ಗೊತ್ತಾಗುತ್ತಿರಲಿಲ್ಲ. ನನ್ನ ಪುಸ್ತಕದ 250ಗಳು ಅಲ್ಲಿದ್ದವು.

ಫಲಿತಾಂಶ ಅಚ್ಚಾದ ಮಾತ್ರಕ್ಕೆ ನಮ್ಮ ವಾರ್ಡಿನಲ್ಲಿ ಏನೂ ಬದಲಾಗಲಿಲ್ಲ. ನಮ್ಮ ಜಿಲ್ಲೆಯಂಥ ಕೌಂಟಿಯ ಆರೋಗ್ಯ ಇಲಾಖೆಯಿಂದ ಒಪ್ಪಿಗೆ ಪಡೆದು, ಹಾಳೆಗಳನ್ನು ತರಿಸುವುದರಲ್ಲಿ ತಿಂಗಳುಗಳು ಕಳೆದವು. ಅವು ಬಂದ ಮೇಲೆ ನೇರವಾಗಿ ಹಂಚಲು ನನಗೆ ಮನಸ್ಸಾಗಲಿಲ್ಲ. ತಮಗೆ ಬೇಕು ಎನಿಸದ ವಸ್ತು ಕಪಾಟಿನಲ್ಲಿ ಧೂಳು ತಿನ್ನುತ್ತದೆ.

ಆದ್ದರಿಂದ ಒಂದು ಮಧ್ಯಾಹ್ನ ಬಣ್ಣ ಕಲಸಿದ ಕೆಂಪು ನೀರು ಮಾಡಿಕೊಂಡೆ. 700 ಮಿಲಿಲೀಟರ್ ಅಳೆದು, ಒಂದಷ್ಟನ್ನು ಲೆಸೋ ಬಟ್ಟೆಗೆ, ಒಂದಷ್ಟನ್ನು ಹತ್ತಿಗೆ, ಉಳಿದದ್ದನ್ನು ಮಂಚದ ರಬ್ಬರ್ ಹಾಳೆಗೂ ನೆಲಕ್ಕೂ ಚೆಲ್ಲಿದೆ. ನರ್ಸುಗಳು, ಡಾಕ್ಟರರಂತೆ ರೋಗಿಗಳನ್ನು ನೋಡುವ ಕ್ಲಿನಿಕಲ್ ಅಧಿಕಾರಿಗಳು, ನೆಲ ಒರೆಸುವ ಹೆಂಗಸರು, ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು ಎಷ್ಟಿರಬಹುದು ಬರೆಯಿರಿ ಎಂದೆ. ಹೆಚ್ಚಿನ ಚೀಟಿಗಳಲ್ಲಿ 250, 300, 350. ಎಲ್ಲರಿಗಿಂತ ಹತ್ತಿರ ಬಂದವಳು ನೆಲ ಒರೆಸುವ ಹೆಂಗಸು. ದಿನವೂ ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕುವವಳು ಅವಳೇ ತಾನೆ. ಮೂವತ್ತು ವರ್ಷ ಹೆರಿಗೆ ಮಾಡಿಸಿದ ಹಿರಿಯ ನರ್ಸ್ ತಮ್ಮ ಚೀಟಿಯನ್ನು ಮತ್ತೆ ಕೈಗೆ ತೆಗೆದುಕೊಂಡು ನೋಡಿ, "ಸಿಸ್ಟರ್, ಹಾಗಾದರೆ ನಾನು ಇಷ್ಟು ವರ್ಷ ಬರೆದದ್ದು?" ಎಂದರು. ನನಗೆ ಉತ್ತರ ಹೇಳಲಾಗಲಿಲ್ಲ. ಅವರ ಕೈ ಹಿಡಿದುಕೊಂಡೆ. ಮರುದಿನ ಹಾಳೆಯ ಕಟ್ಟನ್ನು ಬಿಚ್ಚಿದವರು ಅವರೇ.

ಹಾಳೆ ಹಾಸುವುದು ಸುಲಭ. ಓದುವವರು ಯಾರು ಎಂಬುದು ಕಷ್ಟ. ಹೆರಿಗೆಯಾದ ಮೊದಲ ಒಂದು ಗಂಟೆ, ಪ್ರತಿ 15 ನಿಮಿಷಕ್ಕೊಮ್ಮೆ ಚೀಲದ ಗೆರೆ, ನಾಡಿ, ರಕ್ತದೊತ್ತಡ, ಗರ್ಭಕೋಶ ಗಟ್ಟಿಯಾಗಿದೆಯೇ ಎಂಬುದನ್ನು ನೋಡಿ ಬರೆಯಬೇಕು. 500 ಮುಟ್ಟಿದರೆ ಯೋಚಿಸುವಂತಿಲ್ಲ. 300 ಮುಟ್ಟಿ ನಾಡಿಯೋ ಒತ್ತಡವೋ ಹದತಪ್ಪಿದರೂ ಕೆಲಸ ಶುರುವಾಗಬೇಕು. ಆ ಕೆಲಸ ಐದು. ಗರ್ಭಕೋಶವನ್ನು ಹೊಟ್ಟೆಯ ಮೇಲಿನಿಂದ ನೀವುವುದು, ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ಸಲೈನ್, ರಕ್ತ ಎಲ್ಲಿಂದ ಹೋಗುತ್ತಿದೆ ಎಂದು ಪರೀಕ್ಷಿಸುವುದು. ನಾವೆಲ್ಲ ಕಲಿತದ್ದು ಒಂದು ಮಾಡಿ, ಕಾದು ನೋಡಿ, ನಿಲ್ಲದಿದ್ದರೆ ಮುಂದಿನದು ಎಂಬ ಕ್ರಮ. ಹೊಸ ಪಾಠ, ಐದನ್ನೂ ಒಟ್ಟಿಗೆ. ಕೈಗೆ ಅಂಟಿದ ಅಭ್ಯಾಸ ಬಿಡಿಸುವುದಕ್ಕೆ ಹಾಳೆ ತರಿಸಿದ್ದಕ್ಕಿಂತ ಹೆಚ್ಚು ಸಮಯ ಹಿಡಿಯಿತು.

ಔಷಧಗಳು ಎಲ್ಲಿದ್ದವು ಎಂಬುದನ್ನೂ ಹೇಳಬೇಕು. ಆಕ್ಸಿಟೋಸಿನ್ ಶಾಖಕ್ಕೆ ಕೆಡುತ್ತದೆ, 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಅದು ಔಷಧಾಲಯದ ಫ್ರಿಜ್ಜಿನಲ್ಲಿತ್ತು, ಔಷಧಾಲಯಕ್ಕೆ ರಾತ್ರಿ ಬೀಗ. ಟ್ರಾನೆಕ್ಸಾಮಿಕ್ ಆಮ್ಲ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ. ಸಲೈನ್ ಕೊಡುವ ದಪ್ಪ ಸೂಜಿ ಇನ್ನೊಂದು ಕಪಾಟಿನಲ್ಲಿ. ಒಂದು ದಿನ ಕೈಗಡಿಯಾರ ಹಿಡಿದು, ಎಲ್ಲವನ್ನೂ ತಾಯಿಯ ಮಂಚದ ಬಳಿಗೆ ತರಲು ಎಷ್ಟು ಹೊತ್ತಾಗುತ್ತದೆ ಎಂದು ಓಡಿ ನೋಡಿದೆವು. 19 ನಿಮಿಷ. ಟ್ರಾನೆಕ್ಸಾಮಿಕ್ ಆಮ್ಲವನ್ನು ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಜೀವ ಉಳಿಸುತ್ತದೆ, ತಡವಾದಷ್ಟೂ ಅದರ ಬಲ ಕುಗ್ಗುತ್ತದೆ ಎಂದು 20,060 ತಾಯಂದಿರ ಮೇಲೆ ನಡೆದ ವುಮನ್ ಎಂಬ ಅಧ್ಯಯನ 2017ರಲ್ಲೇ ತೋರಿಸಿತ್ತು. ನಾವು ಆ ಹೊತ್ತನ್ನು ಕಾರಿಡಾರಿನಲ್ಲಿ ಕಳೆಯುತ್ತಿದ್ದೆವು. ಒಂದು ಹಳದಿ ಪೆಟ್ಟಿಗೆ ತಂದೆವು. ಐದೂ ಕೆಲಸಕ್ಕೆ ಬೇಕಾದದ್ದೆಲ್ಲ ಅದರೊಳಗೆ, ಆಕ್ಸಿಟೋಸಿನ್ ಮಾತ್ರ ಹೆರಿಗೆ ಕೋಣೆಗೇ ತಂದ ಚಿಕ್ಕ ಫ್ರಿಜ್ಜಿನಲ್ಲಿ. ಪಾಳಿ ಬದಲಾಗುವಾಗ ಪೆಟ್ಟಿಗೆ ತೆರೆದು ಎಣಿಸಿ ಸಹಿ ಮಾಡುವುದು ಕಡ್ಡಾಯ. ಈ ಪೆಟ್ಟಿಗೆಯ ವಿಷಯ ಯಾವ ದೊಡ್ಡ ಪತ್ರಿಕೆಯ ತಲೆಬರಹದಲ್ಲಿಯೂ ಬರುವುದಿಲ್ಲ. ಆದರೆ ನನ್ನನ್ನು ಕೇಳಿದರೆ, ಹಾಳೆಗೆ ಕೈಕಾಲು ಕೊಟ್ಟದ್ದು ಅದೇ.

ಒಂದು ಮಳೆಯ ರಾತ್ರಿ ಹೊಸ ನರ್ಸ್ ಒಬ್ಬಳು ನನ್ನನ್ನು ಕರೆದಳು. ಹೆರಿಗೆಯಾಗಿ ಅರ್ಧ ಗಂಟೆ. ಗೆರೆ 320ರಲ್ಲಿತ್ತು, ನಾಡಿ 114. ತಾಯಿ ಮಾತನಾಡುತ್ತಿದ್ದಳು, ಮಗುವಿಗೆ ಏನು ಹೆಸರಿಡುವುದೆಂದು ಅತ್ತೆಯ ಜೊತೆ ಚರ್ಚೆ ನಡೆದಿತ್ತು. ಹಳೆಯ ಕ್ರಮದಲ್ಲಿ ಅವಳನ್ನು ವಾರ್ಡಿಗೆ ಕಳುಹಿಸಿ 250 ಎಂದು ಬರೆದಿರುತ್ತಿದ್ದೆವು. ಪೆಟ್ಟಿಗೆ ತೆರೆಯಿತು. ಇಬ್ಬರೂ ಕೂಡಿ ಐದನ್ನೂ ಮಾಡಿದೆವು. 480ಕ್ಕೆ ರಕ್ತ ನಿಂತಿತು. ಬೆಳಗ್ಗೆ ಅವಳು ಎದ್ದು ಕುಳಿತು ಉಜಿ ಗಂಜಿ ಕುಡಿಯುತ್ತಿದ್ದಳು. ಏನಾಗಬಹುದಿತ್ತು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆ ಹೊಸ ನರ್ಸಿಗೆ. ಮನೆಗೆ ಹೋಗದೆ ಅವಳು ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಆ ತಾಯಿಯನ್ನೇ ನೋಡುತ್ತಿದ್ದಳು.

ಮೂರನೆಯ ತಿಂಗಳಲ್ಲಿ ಆಡಳಿತದವರು ನನ್ನನ್ನು ಕರೆಸಿ ವಿವರಣೆ ಕೇಳಿದರು. ವರದಿಯಲ್ಲಿ ಅತಿ ರಕ್ತಸ್ರಾವದ ಪ್ರಕರಣಗಳು ಹಿಂದೆಂದಿಗಿಂತ ಹೆಚ್ಚಾಗಿದ್ದವು. "ನೀವು ಬಂದ ಮೇಲೆ ಹೀಗೇಕಾಯಿತು?" ಎಂಬ ಪ್ರಶ್ನೆ. ಇಂಥ ಕೆಲಸಕ್ಕೆ ಇಳಿಯುವ ಎಲ್ಲರೂ ಈ ಪ್ರಶ್ನೆಗೆ ಮೊದಲೇ ಸಿದ್ಧರಾಗಿರಬೇಕು. ಅಳೆಯದ ಕಾಲದಲ್ಲಿ ಕಾಣದೆ ಹೋದದ್ದೆಲ್ಲ ಅಳೆದ ಮೊದಲ ತಿಂಗಳಲ್ಲಿ ಎದ್ದು ಕಾಣುತ್ತದೆ. ನೋಡಬೇಕಾದದ್ದು 500 ದಾಟಿದವರು ಎಷ್ಟು ಎಂಬುದನ್ನಲ್ಲ, ದಾಟಿದವರಲ್ಲಿ ಎಷ್ಟು ಮಂದಿ ಸಾವಿರ ದಾಟಿದರು, ಎಷ್ಟು ಮಂದಿಗೆ ರಕ್ತ ಏರಿಸಬೇಕಾಯಿತು ಎಂಬುದನ್ನು. ಹಳೆಯ ಪುಸ್ತಕವನ್ನೂ ಹೊಸ ಪುಸ್ತಕವನ್ನೂ ಅವರ ಮೇಜಿನ ಮೇಲೆ ಬಿಡಿಸಿಟ್ಟೆ. ಹಳೆಯದರಲ್ಲಿ 200, 250. ಹೊಸದರಲ್ಲಿ 140, 385, 95, 620. ಅವರು ಮಗುವಿನ ತೂಕದ ಅಂಕಣದ ಮೇಲೆ ಬೆರಳಿಟ್ಟು, ಈಗ ಎರಡೂ ಒಂದೇ ರೀತಿ ಕಾಣುತ್ತವೆ ಎಂದರು. ಅರ್ಥವಾಗಿತ್ತು. ನಮ್ಮ ಒಂದು ಆಸ್ಪತ್ರೆಯ ಲೆಕ್ಕದಿಂದ ಹಾಳೆಯೇ ಜೀವ ಉಳಿಸಿತು ಎಂದು ನಾನು ಹೇಳುವುದಿಲ್ಲ. ಆ ಮಾತನ್ನು ಹೇಳಲು ಎರಡು ಲಕ್ಷ ಹೆರಿಗೆಗಳ ಅಧ್ಯಯನ ಇದೆ. ನಮ್ಮ ಲೆಕ್ಕ ಹೇಳುತ್ತಿದ್ದದ್ದು, ಆ ಅಧ್ಯಯನ ಹೇಳಿದಂತೆ ನಾವು ಮಾಡುತ್ತಿದ್ದೇವೆಯೇ ಇಲ್ಲವೇ ಎಂಬುದನ್ನು.

ಅದೇ ವರ್ಷ ಒಬ್ಬ ತಾಯಿಯನ್ನು ಕಳೆದುಕೊಂಡೆವು. ದೂರದ ಒಂದು ಚಿಕ್ಕ ಚಿಕಿತ್ಸಾಲಯದಲ್ಲಿ ನಡುರಾತ್ರಿ ಹೆರಿಗೆಯಾಗಿ, ಬೋಡಾ ಬೋಡಾ ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಕೆಸರಿನ ರಸ್ತೆಯಲ್ಲಿ ತಂದಾಗ ಬೆಳಗಾಗಿತ್ತು. ಕೈಕಾಲು ತಣ್ಣಗಾಗಿದ್ದವು. ಅವಳ ಜೊತೆ ಬಂದ ಚೀಟಿಯಲ್ಲಿ ಹೋದ ರಕ್ತ 250 ಎಂದಿತ್ತು. ಸಾವಿನ ಪರಿಶೀಲನಾ ಸಭೆಯಲ್ಲಿ ಕೆಲವರು ಆ ಚಿಕಿತ್ಸಾಲಯದ ನರ್ಸನ್ನು ಹೊಣೆ ಮಾಡಲು ನೋಡಿದರು. ನಾನು ಅಲ್ಲಿಗೆ ಹೋಗಿ ಬಂದಿದ್ದೆ. ಅಲ್ಲಿ ಒಬ್ಬಳೇ ನರ್ಸ್, ಒಂದು ಟಾರ್ಚು. ಹಾಳೆ ಇಲ್ಲ, ಪೆಟ್ಟಿಗೆ ಇಲ್ಲ, ಫ್ರಿಜ್ಜಿಗೆ ಕರೆಂಟಿಲ್ಲ. ಅವಳಿಗೆ ನಾವು ಏನು ಕೊಟ್ಟಿದ್ದೆವು ಎಂದು ಕೇಳಿದೆ. ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಆ ತಾಯಿಯ ಮುಖ ಇಂದಿಗೂ ನನ್ನ ಕಣ್ಣಿನಲ್ಲಿದೆ. ನಮ್ಮ ವಾರ್ಡು ಚೆನ್ನಾಗಿ ನಡೆಯುತ್ತಿದೆ ಎಂದು ಹಿಗ್ಗುತ್ತಿದ್ದ ತಿಂಗಳು ಅದು.

ಆಮೇಲೆ ಹಾಳೆಗಳನ್ನು ಹೊತ್ತುಕೊಂಡು ಚಿಕಿತ್ಸಾಲಯಗಳಿಗೆ ಹೊರಟೆವು. ಕರೆಂಟಿಲ್ಲದ ಕಡೆ ಶಾಖಕ್ಕೆ ಕೆಡದ ಕಾರ್ಬೆಟೋಸಿನ್ ಕೇಳಿದೆವು. ಸುಮಾರು 30,000 ತಾಯಂದಿರನ್ನು ಒಳಗೊಂಡ ಆ ಔಷಧದ ಅಧ್ಯಯನ 2018ರಲ್ಲಿ ಮುಗಿದಿತ್ತು, ಕೀನ್ಯಾವೂ ನಮ್ಮ ಕರ್ನಾಟಕವೂ ಅದರಲ್ಲಿದ್ದವು. ಅದು ರಕ್ತಸ್ರಾವ ತಡೆಯುವುದಕ್ಕೆ. ಶುರುವಾದದ್ದನ್ನು ನಿಲ್ಲಿಸಲು ಉಳಿದ ಔಷಧಗಳೇ ಬೇಕು. ಈ ವ್ಯತ್ಯಾಸವನ್ನು ಪ್ರತಿ ಚಿಕಿತ್ಸಾಲಯದಲ್ಲಿಯೂ ಎರಡೆರಡು ಸಲ ಹೇಳಬೇಕಾಯಿತು.

ಊರವರ ಒಪ್ಪಿಗೆ ಬೇರೆಯೇ ಕಥೆ. ಒಂದು ಊರಿನ ಬರಾಜಾ ಸಭೆಯಲ್ಲಿ, ಮಾವಿನ ಮರದ ಕೆಳಗೆ, ಒಬ್ಬ ಅಜ್ಜಿ ಎದ್ದು ನಿಂತು ನೇರವಾಗಿ ಕೇಳಿದರು. "ನಮ್ಮ ಸೊಸೆಯರ ರಕ್ತವನ್ನು ಚೀಲದಲ್ಲಿ ಹಿಡಿಯುತ್ತೀರಂತೆ. ಅದು ಆಮೇಲೆ ಎಲ್ಲಿಗೆ ಹೋಗುತ್ತದೆ?" ರಕ್ತವನ್ನು ಮಾರುತ್ತಾರೆ ಎಂಬ ಮಾತು ಊರಿನಲ್ಲಿ ಹಬ್ಬಿತ್ತು. ಮಾಸನ್ನು ಮನೆಗೆ ಒಯ್ದು ಹೂಳುವ ಪದ್ಧತಿಯಿರುವ ಜನ ರಕ್ತದ ಬಗ್ಗೆ ಕೇಳದಿರುತ್ತಾರೆಯೇ? ನಾನು ಹಾಳೆಯನ್ನು ಬಿಡಿಸಿ ಅವರ ಮಡಿಲಿಗೇ ಕೊಟ್ಟೆ. ಅವರು ನೀರು ತರಿಸಿ ಸುರಿದು ನೋಡಿದರು. ಗೆರೆ ಓದಿದರು. ಆಸ್ಪತ್ರೆಗೆ ಬಂದು ಚೀಲ ಎಲ್ಲಿ ಖಾಲಿ ಮಾಡುತ್ತೇವೆ ಎಂದು ನೋಡಿ ಎಂದು ಕರೆದೆ. ಮುಂದಿನ ವಾರ ಆರು ಹೆಂಗಸರು ಬಂದು ಹೆರಿಗೆ ಕೋಣೆಯಿಂದ ಹಿತ್ತಲಿನ ಗುಂಡಿಯವರೆಗೆ ನಡೆದು ನೋಡಿ ಹೋದರು.

ಅದೇ ಅಜ್ಜಿ ನನಗೊಂದು ಪಾಠ ಹೇಳಿದರು. ಅವರ ಕಾಲದಲ್ಲಿ ಹೆರಿಗೆ ಮಾಡಿಸುವಾಗ ಎರಡನೆಯ ಲೆಸೋ ತೊಯ್ದರೆ ಕೂಗಿ ಜನ ಸೇರಿಸುತ್ತಿದ್ದರಂತೆ. ಅಂದರೆ ಅವರಿಗೂ ಒಂದು ಅಳತೆ ಇತ್ತು. ಅಂಥದೇ ಒಂದು ಲೆಸೋವನ್ನು ನೀರಿನಲ್ಲಿ ಪೂರ್ತಿ ತೋಯಿಸಿ ಎಲ್ಲರೆದುರು ಹಾಳೆಯ ಚೀಲಕ್ಕೆ ಹಿಂಡಿದೆವು. ಏರುತ್ತ ಹೋದ ಗೆರೆಯನ್ನು ಕಂಡು ಹೆಂಗಸರು ಎದ್ದು ಹತ್ತಿರ ಬಂದರು. ಎರಡನೆಯದಕ್ಕೆ ಕಾಯುವಂತಿಲ್ಲ ಎಂದು ಹೇಳಿದವರು ಅಜ್ಜಿಯೇ, ನಾನಲ್ಲ. ಆ ಊರಿನ ಆರೋಗ್ಯ ಕಾರ್ಯಕರ್ತೆಯರು ಈಗ ಬಸುರಿಯರ ಮನೆಗೆ ಹೋದಾಗ ಮಿಲಿಲೀಟರಿನ ಮಾತಾಡುವುದಿಲ್ಲ, ಲೆಸೋ ಮಾತಾಡುತ್ತಾರೆ. ನಮ್ಮ ಆಶಾ ಕಾರ್ಯಕರ್ತೆಯರಂತೆಯೇ ಮನೆಮನೆ ಸುತ್ತುವವರು ಅವರು. ಯಾವ ಮನೆಯ ಅತ್ತೆಗೆ ಏನು ಹೇಳಿದರೆ ನಾಟುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ನಮಗೆ ತಿಳಿಯದು.

ನಡುವೆ ಎರಡು ತಿಂಗಳು ಹಾಳೆಗಳ ಸರಬರಾಜು ನಿಂತಿತು. ಬಳಸಿದ್ದನ್ನೇ ತೊಳೆದು ಹಾಸಬಹುದೇ ಎಂದು ಕೇಳಿದರು. ಕೂಡದು ಎಂದೆ. ಸೋಂಕು ಹರಡಿದರೆ ಒಂದು ಕಡೆ ಉಳಿಸಿದ ಜೀವವನ್ನು ಇನ್ನೊಂದು ಕಡೆ ಕಳೆದುಕೊಂಡಂತೆ. ಬದಲಿಗೆ ಅಡುಗೆಮನೆಯ ತಕ್ಕಡಿ ತಂದೆವು. ಒಣ ಬಟ್ಟೆ ಮತ್ತು ಪ್ಯಾಡಿನ ತೂಕ ಮೊದಲೇ ಬರೆದಿಟ್ಟು, ತೊಯ್ದ ಮೇಲೆ ತೂಗಿ ಕಳೆಯುವುದು. ಒಂದು ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್. ತುಸು ನಿಧಾನ, ಆದರೆ ಕಣ್ಣಳತೆಗೆ ಮರಳಲಿಲ್ಲ.

2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾರ್ಗಸೂಚಿ ತಂದು, 300 ಮಿಲಿಲೀಟರ್ ಮತ್ತು ಹದತಪ್ಪಿದ ನಾಡಿ ಅಥವಾ ಒತ್ತಡ ಕಂಡರೆ 500ಕ್ಕೆ ಕಾಯದೆ ಚಿಕಿತ್ಸೆ ಶುರುಮಾಡಲು ಹೇಳಿತು. ನಮ್ಮ ನರ್ಸುಗಳು ಅದನ್ನು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಅದು ಹಳೆಯ ಸುದ್ದಿ.

ಆದರೆ ಆ ದಿನ ಚಹಾ ಕುಡಿಯುತ್ತ ಹಿರಿಯ ನರ್ಸ್ ಒಂದು ಪ್ರಶ್ನೆ ಎತ್ತಿದರು. ರಕ್ತಹೀನತೆಯಿಂದ ಬಳಲುತ್ತ ಬರುವ ತಾಯಿಗೆ 300 ಕೂಡ ಹೆಚ್ಚಲ್ಲವೇ? ಮಲೇರಿಯಾದಿಂದ ಎದ್ದು ಬಂದವಳಿಗೂ, ಚೆನ್ನಾಗಿ ಉಂಡವಳಿಗೂ ಒಂದೇ ಗೆರೆಯೇ? ಅವರ ಮಾತು ನನ್ನೊಳಗೆ ಕೂತಿತು. ನೈಜೀರಿಯಾದಲ್ಲಿ, ನಮ್ಮ ಕರ್ನಾಟಕದಲ್ಲಿ ಬಸುರಿಯರಿಗೆ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಟ್ಟು ನೋಡುವ ಅಧ್ಯಯನಗಳು ನಡೆದಿವೆ. ಅವನ್ನು ತರಿಸಿ ಓದಲು ಹಚ್ಚಿದ್ದೇವೆ. ಅದಕ್ಕೂ ಮೊದಲು ಬಸುರಿಯರ ತಪಾಸಣೆಯ ಪುಸ್ತಕವನ್ನು ತೆಗೆದು ಹಿಮೋಗ್ಲೋಬಿನ್ ಅಂಕಣ ನೋಡಿದೆವು. ಸಾಲಿಗೆ ಸಾಲು ಖಾಲಿ. ಬರೆದ ಕಡೆಯಲ್ಲೆಲ್ಲ 11, 11, 11. ಹಿರಿಯ ನರ್ಸ್ ಕನ್ನಡಕ ಸರಿಮಾಡಿಕೊಂಡು, ಅಳೆಯುವ ಯಂತ್ರ ಎಲ್ಲಿದೆ ಎಂದು ಹುಡುಕಲು ಹೋದರು.